ಗೋಲಿ ನಿಂತ ಜಾಗ

ಉಪ್ಪಳ್ಳಿಯಲ್ಲಿ ಸಮತಟ್ಟು ಅನ್ನುವುದು
ಬರೀ ಬಾಯಿಮಾತು.
ಗೇಟಿನ ಬಳಿ ಗೋಲಿ ಇಟ್ಟೆ, ರಸ್ತೆಗೆ ಓಡಿತು.
ನಲ್ಲಿಯ ಬಳಿ ಇಟ್ಟೆ, ಮೋರಿಗೆ.
ಪೋರ್ಟಿಕೋದಲ್ಲಿ ಕೊಂಚ ಯೋಚಿಸಿ
ಅಲ್ಲಿಂದಲೂ ಹೊರಟಿತು,
ಬಾಡಿಗೆ ಬಾಕಿ ಇಟ್ಟವರಂತೆ, ಮೆಲ್ಲಗೆ.

"ಇಲ್ಲೆಲ್ಲೂ ಎತ್ತಬೇಡ" ಅಂದರು ಇನಾಸ್ ಮಾಮ
ಟೀಯಲ್ಲಿ ಬನ್ನು ಅದ್ದುತ್ತ.

ಕಾರು ಕಾಯುತ್ತಿತ್ತು. ಎರಡೇ ಸೀಟು, ಹುಚ್ಚೆಳ್ಳು ಹೂವಿನ ಹಳದಿ,
ಹೊಟ್ಟೆಗೂ ನೆಲಕ್ಕೂ ನಡುವೆ ಒಂದು ಗೇಣಿಲ್ಲ.
ಮಂಡಿ ಸವೆದ ಪ್ಲಾಂಟರೊಬ್ಬರು
ಒಳಗೆ ಕೂತರೆ ಏಳಲಾಗದೆ ಮಾರಿದ್ದು.
ಕರೆಂಟು ಬಿಲ್ಲಿನ ಕಿಟಕಿಯ ಹಿಂದೆ
ಹನ್ನೊಂದು ವರ್ಷ ಊರಿನ ಚಿಲ್ಲರೆ ಎಣಿಸಿದ ನಾನು
ಕೊಂಡದ್ದು.
ಆಯಿಲ್ ಬದಲಿಸಬೇಕು. ಗ್ಯಾರೇಜಿಗೆ ಹೋದರೆ
ನನ್ನ ಬಿಟ್ಟು ತಮ್ಮನ ಮುಖ ನೋಡಿ ಮಾತಾಡುತ್ತಾರೆ.
ಅವನಿಗೆ ಸೈಕಲ್ಲೂ ಬರುವುದಿಲ್ಲ.

ಕೊನೆಗೆ ಗೋಲಿ ನಿಂತದ್ದು ಹಿತ್ತಲ ಶೆಡ್ಡಿನಲ್ಲಿ,
ಅಮ್ಮನ ಹಿಟ್ಟಿನ ಗಿರಣಿ ಇದ್ದಲ್ಲಿ.
ಮಿಷನ್ನು ನಡುಗಬಾರದೆಂದು ಅಮ್ಮ
ನೀರು ತುಂಬಿದ ಪೈಪು ಹಿಡಿದು ಮಟ್ಟ ನೋಡಿ
ಮೇಸ್ತ್ರಿಯ ಕೈಲಿ ಎರಡು ಸಲ ಒಡೆಸಿ
ಮೂರನೆಯ ಸಲಕ್ಕೆ ಒಪ್ಪಿದ ನೆಲ.
ಬಿರುಕುಗಳಲ್ಲಿ ಇನ್ನೂ ರಾಗಿಯ ಬೂದು.
ಊದಿದರೂ ಗೋಲಿ ವಾಪಸು ಬಂದು ನಿಂತಿತು.

ಮಾಮ ಕಲಿಸುವುದಿಲ್ಲ, ಕೆಮ್ಮುತ್ತಾರೆ.
ಜಾಕು ಮೂತಿಯಡಿ ನುಗ್ಗದು ಅಂತ
ಮುಂದಿನ ಗಾಲಿಗಳನ್ನು ಹಲಸಿನ ಹಲಗೆಗೆ ಹತ್ತಿಸಿದೆ.
ಗೇರು ಹಾಕಿ, ಹ್ಯಾಂಡ್‌ಬ್ರೇಕು ಎಳೆದು
ಹಿಂದಿನ ಗಾಲಿಗೆ ಹಿಂದೆ ಕಲ್ಲು ಕೊಟ್ಟೆ.
ಕೆಮ್ಮು.
ಮುಂದೆಯೂ ಕೊಟ್ಟೆ.
ಜಾಕಿನ ತಟ್ಟೆ ಆಯಿಲ್ ಡಬ್ಬಿಯಡಿ ಹೋಯಿತು. ಕೆಮ್ಮು.
ತೆಳು ತಗಡಿನಡಿ. ದೊಡ್ಡ ಕೆಮ್ಮು.
ನಡುವಿನ ದಪ್ಪ ಕಬ್ಬಿಣ ಸಿಕ್ಕಾಗ ಸುಮ್ಮನಾದರು.

ಹಿಡಿ ಒತ್ತಿದಷ್ಟೂ ಮೂತಿ ಎದ್ದಿತು,
ಬೈಸಿಕೊಂಡವರು ತಲೆ ಎತ್ತುವ ಹಾಗೆ.
ಬಾಗಿಲ ಅಂಚಿನಡಿ, ಎರಡು ಗೀರುಗಳ ನಡುವೆ
ಮೂರು ಬೆರಳಗಲ:
ಇಡೀ ಕಾರು ತನ್ನ ಭಾರವನ್ನು
ಇನ್ನೊಬ್ಬರ ಕೈಗೆ ಕೊಡಲು ಒಪ್ಪುವ ಜಾಗ ಅಷ್ಟೇ.
ಅಲ್ಲಿಗೆ ಸ್ಟ್ಯಾಂಡು, ಮೇಲೆ ಹವಾಯಿ ಚಪ್ಪಲಿಯ ತುಂಡು.
ಆ ಕಡೆಗೂ ಒಂದು. ಕೀಲು ತೂತಿನೊಳಗೆ ಪೂರ್ತಿ.
ಜಾಕು ಸಡಿಲಿಸಿದೆ, ಕೂದಲೆಳೆಯಷ್ಟು, ಇನ್ನೊಂದು ಎಳೆ.
"ಜಾಕು ಎತ್ತೋಕೆ ಮಗಾ. ಹೊರೋಕಲ್ಲ."
ಆ ದಿನ ಅವರು ಆಡಿದ ಮಾತು ಅಷ್ಟೇ.

ಸೊಂಟ ಕೊಟ್ಟು ನೂಕಿದೆ. ಮತ್ತೆ ನೂಕಿದೆ.
ಕಾರು ಅಲುಗಲಿಲ್ಲ. ನನ್ನ ಬಳೆ ಅಲುಗಿತು.

ಆಮೇಲೆ ಮಾಮ ಸ್ಟೆಪ್ನಿ ಉರುಳಿಸಿ ತಂದು
ಬಾಗಿಲಂಚಿನಡಿ ಮಲಗಿಸಿದರು.
ಯಾಕೆ ಅಂತ ಕೇಳಲಿಲ್ಲ.
ಕಡೂರು ರಸ್ತೆಯ ಗ್ಯಾರೇಜು, ಒಂದು ಜೀಪು,
ಅದರಡಿ ಮಲಗಿ ಸಿಳ್ಳೆ ಹಾಕುತ್ತಿದ್ದ ಇಬ್ಬಿ ಅನ್ನುವ ಹುಡುಗ.
ಮನೆಯಲ್ಲಿ ಎಲ್ಲರಿಗೂ ಗೊತ್ತು.
ಯಾರೂ ಯಾರಿಗೂ ಹೇಳಿಲ್ಲ.

ಅಷ್ಟರಲ್ಲಿ ಕರೆಂಟು ಹೋಯಿತು,
(ನಮ್ಮ ಇಲಾಖೆಯದೇ ಕೃಪೆ)
ಕೆಲಸ ಬೆಳಿಗ್ಗೆಗೆ ಉಳಿಯಿತು.

ಬೆಳಿಗ್ಗೆ ನೋಡಿದರೆ ಜಾಕು
ಯಾರಿಗೂ ತಿಳಿಸದೆ ನಾಲ್ಕು ಬೆರಳು ಇಳಿದಿತ್ತು.
ಬುಡದಲ್ಲಿ ರೂಪಾಯಿಯಗಲ ಎಣ್ಣೆ.
ಕಾರು ಮಾತ್ರ ರಾತ್ರಿ ಇದ್ದಲ್ಲೇ ಇತ್ತು.
ಸ್ಟೆಪ್ನಿಯ ಗುಳಿಯಲ್ಲಿ ಪಕ್ಕದ ಮನೆಯ ಬೆಕ್ಕು
ಸುರುಳಿ ಸುತ್ತಿ ಮಲಗಿತ್ತು,
ಒಂದು ಟನ್ ಹಳದಿಯ ಕೆಳಗೆ.

ಮಾಮ ಆ ಎಣ್ಣೆಯನ್ನು ಬಹಳ ಹೊತ್ತು ನೋಡಿದರು.
ಟೀ ತಣ್ಣಗಾಯಿತು.

ಗೋಣಿ ಹಾಸಿ ಒಳಗೆ ಜಾರಿದೆ.
ಅಡಿಯಿಂದ ನೋಡಿದರೆ ಕಾರಿಗೆ ಬಣ್ಣವೇ ಇಲ್ಲ,
ಕೆಸರು, ತುಕ್ಕು, ಯಾವುದೋ ತೋಟದ ಕಾಫಿ ಎಲೆ.
ನಿಮಿಷಕ್ಕೊಮ್ಮೆ ಬಾಗಿಲಿಗೆ ಬೆರಳು ಬಡಿಯುವ ಸದ್ದು:
"ಇದ್ದೀಯಾ?"

"ಹದಿನೇಳರ ಸ್ಪ್ಯಾನರ್ ಕೊಡಿ ಮಾಮ."